ಹೆಸರು ಹೇಳಬಾರದ ಬೇರು

ಮೊಣಕಾಲು ನೋಯುತ್ತಿದೆ ಎಂದು ಯಾರ ಮುಂದೆಯೂ ಬಾಯಿಬಿಡಬೇಡಿ. ಬಿಟ್ಟಿರೋ, ಅಂದಿನಿಂದ ಆ ಮೊಣಕಾಲು ನಿಮ್ಮದಲ್ಲ, ಊರಿನದು. ಹೋಗುವವರು ಬರುವವರೆಲ್ಲ ಅದನ್ನು ಒತ್ತಿ ನೋಡುತ್ತಾರೆ, ಒಂದೊಂದು ಸೊಪ್ಪು ಹೇಳುತ್ತಾರೆ, ತಾವು ಹೇಳಿದ ಸೊಪ್ಪು ಕಟ್ಟಲಿಲ್ಲವೆಂದು ಮುನಿಸಿಕೊಂಡೂ ಹೋಗುತ್ತಾರೆ. ನಾನು ಸಾವಿನ ಹೊಸ್ತಿಲು ತುಳಿದು ಬಂದವಳು. ಅದೂ ರೋಗದಿಂದಲ್ಲ, ಮದ್ದಿನಿಂದ. ನನ್ನ ಹಾಗೆ ಕೀಲುನೋವಿನಲ್ಲಿ ಕೂತು, ಯಾರೋ ತಂದುಕೊಟ್ಟ ಎಲೆಪೊಟ್ಟಣ ಬಿಚ್ಚುತ್ತಿರುವ ಹೆಣ್ಣುಮಗಳು ಒಬ್ಬಳಾದರೂ ಇದನ್ನು ಓದಲಿ ಎಂದು ಬರೆಯುತ್ತಿದ್ದೇನೆ.

ಆಗ ನಿಜಾಮರ ಕಾಲ. ನಾನು ಮಸ್ಕಿಯ ಮಗಳು, ಲಿಂಗಸುಗೂರಿನ ಸೊಸೆ. ನಮ್ಮ ಮನೆಯವರದು ಬಜಾರದಲ್ಲಿ ಬಟ್ಟೆ ಅಂಗಡಿ. ಅಂಗಡಿ ಮುಂದೆ, ಮನೆ ಹಿಂದೆ. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ, ನಗಬೇಡಿ. ಗಂಡನ ಹೆಸರು ಹೇಳಬಾರದು ಎಂದು ಚಿಕ್ಕಂದಿನಿಂದ ನನ್ನ ನಾಲಿಗೆಗೆ ಕಲಿಸಿದ್ದಾರೆ, ಈಗ ಕೈಗೂ ಅದೇ ಚಾಳಿ. ಹಾಗೆಯೇ ಮಾವ, ಮಾವನ ವಾರಿಗೆಯವರು ಎದುರಿಗಿದ್ದರೆ ಸೊಸೆ ಬಾಯಿ ತೆರೆಯಬಾರದು. ಬಾಗಿಲ ಹಿಂದೆ ನಿಂತು ಬಳೆ ಸದ್ದು ಮಾಡಬಹುದು, ಅಷ್ಟೇ. ಇವೆಲ್ಲ ದೊಡ್ಡ ಮರ್ಯಾದೆಯ ವಿಷಯ ಅಂದುಕೊಂಡಿದ್ದೆ. ಇವುಗಳಿಂದಲೇ ನಾನು ಮಣ್ಣಿಗೆ ಹೋಗುವುದರಲ್ಲಿದ್ದೆ ಎಂಬುದು ಆಗ ತಿಳಿದಿರಲಿಲ್ಲ.

ಎರಡನೆಯ ಹೆರಿಗೆಯಾದ ಮೇಲೆ ನನ್ನ ಕೀಲುಗಳು ಬಾತವು. ಮೊದಲು ಮೊಣಕಾಲು, ಆಮೇಲೆ ಮುಂಗೈ, ಆಮೇಲೆ ಬೆರಳು. ರೊಟ್ಟಿ ಬಡಿಯಲು ಆಗುತ್ತಿರಲಿಲ್ಲ. ನಮ್ಮ ಕಡೆ ರೊಟ್ಟಿ ಬಡಿಯಲಾರದ ಸೊಸೆ ಇದ್ದರೆಷ್ಟು, ಬಿಟ್ಟರೆಷ್ಟು? ಅತ್ತೆ ಗಿರಿಜವ್ವ ಬಾಯಿಬಿಟ್ಟು ಒಂದು ಮಾತೂ ಅನ್ನಲಿಲ್ಲ. ತಾವೇ ಒಲೆಯ ಮುಂದೆ ಕೂತು, ಒಂದೊಂದು ರೊಟ್ಟಿಯನ್ನೂ ನಾನು ಮಲಗಿದ್ದ ಕೋಣೆಗೆ ಕೇಳುವಂತೆ ಬಡಿಯುತ್ತಿದ್ದರು.

ಬಂದವರೆಲ್ಲ ವೈದ್ಯರೇ. ಒಬ್ಬಳು ಎಕ್ಕೆ ಎಲೆ ಬಿಸಿ ಮಾಡಿ ಕಟ್ಟು ಅಂದಳು, ಚರ್ಮ ಬೊಕ್ಕೆ ಎದ್ದಿತು. ಒಬ್ಬಳು ಲಕ್ಕಿ ಸೊಪ್ಪಿನ ನೀರು ಹಾಕು ಅಂದಳು, ಅದು ಹಿತವಾಗಿತ್ತು. ಒಬ್ಬಳು ಬಂದು ಯಾವ ಮದ್ದನ್ನೂ ಹೇಳದೆ, ತನ್ನ ನಾದಿನಿ ಇದೇ ನೋವಿನಲ್ಲಿ ಸತ್ತಳೆಂದು ಹೇಳಿ, ಚಹಾ ಕುಡಿದು ಎದ್ದು ಹೋದಳು.

ಸರ್ಕಾರಿ ದವಾಖಾನೆಗೂ ಹೋಗಿದ್ದೆ. ಅದು ಹಳೇ ದಂಡಿನ ಬಂಗಲೆಗಳ ಕಡೆ ಇತ್ತು. ಹೆಂಗಸರಿಗೆ ಬೇರೆ ಬೆಂಚು, ಅದಕ್ಕೆ ಅಡ್ಡವಾಗಿ ಒಂದು ಗೋಣಿತಟ್ಟಿನ ಪರದೆ. ಚೀಟಿ ಬರೆಯುವ ಕಾಂಪೌಂಡರ್ ಗಂಡನ ಹೆಸರು ಕೇಳುತ್ತಿದ್ದ. ನಾನು ಹೇಳುವಂತಿಲ್ಲ. ಪಕ್ಕದಲ್ಲಿ ಕೂತವಳು ನನ್ನ ಪರವಾಗಿ ಹೇಳಬೇಕು. ಆಕೆಗೆ ಗೊತ್ತಿಲ್ಲದಿದ್ದರೆ ನಾನು ಒಡಪು ಹಾಕಬೇಕು, ಹೆಸರನ್ನು ಒಗಟು ಮಾಡಿ ಹೇಳಬೇಕು.

"ಕೊರಳಾಗ ಹಾವು, ತಲಿಮ್ಯಾಲ ಚಂದ್ರ ಇರೋ ದೇವರದು," ಅಂದೆ.

"ನಾಗಭೂಷಣನೋ, ಚಂದ್ರಶೇಖರನೋ?" ಅಂದಳು ಪಕ್ಕದವಳು.

ನಾನು ತಲೆ ಅಲ್ಲಾಡಿಸಿದೆ. ಇಡೀ ಬೆಂಚು ಶಿವನ ಸಹಸ್ರನಾಮಕ್ಕೆ ಇಳಿಯಿತು. ಕಾಂಪೌಂಡರ್ ಹಣೆ ಹಣೆ ಬಡಿದುಕೊಂಡ. ನನ್ನ ಮೊಣಕಾಲು ಮಾತ್ರ ಯಾರ ನೆನಪಿನಲ್ಲೂ ಇರಲಿಲ್ಲ.

ಡಾಕ್ಟರ್ ಸಾಹೇಬರು ಹೈದರಾಬಾದಿನ ಕಡೆಯವರು, ವಯಸ್ಸಾದವರು. ಉಪ್ಪುಪ್ಪಾದ ಮಿಕ್ಸ್ಚರ್ ಕೊಟ್ಟರು. ಅದನ್ನು ಕುಡಿದರೆ ಕಿವಿ ಗುಂಯ್ ಅನ್ನುತ್ತಿತ್ತು, ನೋವು ಅರ್ಧಕ್ಕೆ ಇಳಿಯುತ್ತಿತ್ತು. "ಪೂರಾ ಹೋಗಂಗಿಲ್ಲ ಬೇಟಿ, ಕಮ್ಮಿ ಆಗ್ತದ. ಸಬರ್ ಮಾಡು, ತಡಕೋ," ಅಂದರು. ಅವರು ಸುಳ್ಳು ಹೇಳಿದ್ದರೆ ನಮ್ಮ ಮನೆಯಲ್ಲಿ ನಂಬುತ್ತಿದ್ದರು. ನಿಜ ಹೇಳಿ ಕೆಟ್ಟರು. "ಪೂರಾ ಹೋಗಂಗಿಲ್ಲ ಅನ್ನಾಂವ ಅದೆಂಥಾ ಡಾಕ್ಟರು?" ಎಂದು ನಮ್ಮ ಮನೆಯವರು ಬಾಟ್ಲಿಯನ್ನು ಗೋಡೆಯ ಮಾಡದಲ್ಲಿಟ್ಟರು. ಅದು ಅಲ್ಲಿಯೇ ಉಳಿಯಿತು.

ಆ ದಿನಗಳಲ್ಲಿ ಒಬ್ಬ ಚೀನಾದ ಬಟ್ಟೆಯವನು ನಮ್ಮ ಕಡೆ ತಿರುಗುತ್ತಿದ್ದ. ಬೆನ್ನ ಮೇಲೆ ರೇಷ್ಮೆ ಬಟ್ಟೆಯ ಗಂಟು, ಕೈಯಲ್ಲಿ ಅಳತೆಯ ಕೋಲು. ಸಿಂಧನೂರು, ಮಸ್ಕಿ ಮುಗಿಸಿಕೊಂಡು ಲಿಂಗಸುಗೂರಿಗೆ ಬಂದರೆ ನಮ್ಮ ಅಂಗಡಿ ಕಟ್ಟೆಯ ಮೇಲೆ ಉಳಿಯುತ್ತಿದ್ದ. ಹರಕು ಮುರುಕು ಉರ್ದು ಆಡುತ್ತಿದ್ದ. ನಡೆದು ನಡೆದು ಅವನ ಮೊಣಕಾಲುಗಳೂ ನನ್ನವುಗಳ ಹಾಗೆಯೇ ಆಗಿದ್ದವು. ಹಿತ್ತಲಲ್ಲಿ ಕಲ್ಲು ಹೂಡಿ, ತನ್ನ ಗಂಟಿನಿಂದ ಕಪ್ಪು ಹೋಳುಗಳನ್ನು ತೆಗೆದು, ಡಬ್ಬಿಯಲ್ಲಿ ಹಾಕಿ ಬೆಳಗಿನಿಂದ ಕುದಿಸುತ್ತಿದ್ದ. ನೀರು ಬತ್ತಿದರೆ ಮತ್ತೆ ನೀರು. ಹತ್ತಿಕಟ್ಟಿಗೆ ಬುರ್‍ರೆಂದು ಉರಿದು ಆರುತ್ತಿತ್ತು, ಅವನು ಮತ್ತೆ ಒಟ್ಟುತ್ತಿದ್ದ. ಆಮೇಲೆ ಒಂದು ಹನಿಯನ್ನು ನಾಲಿಗೆ ತುದಿಗೆ ಮುಟ್ಟಿಸಿ, ಕಣ್ಣುಮುಚ್ಚಿ ಕೂರುತ್ತಿದ್ದ. ಕೆಲವು ಸಲ ತಲೆ ಅಲ್ಲಾಡಿಸಿ ಮತ್ತೆ ಒಲೆಗೆ ಇಡುತ್ತಿದ್ದ. ಕಿಟಕಿಯಿಂದ ನೋಡುತ್ತಿದ್ದ ನಾನು, ಇವನಿಗೆ ಅಡಿಗೆ ಬರುವುದಿಲ್ಲ ಅಂದುಕೊಂಡೆ. ಆ ಕಷಾಯ ಕುಡಿದು ಅವನು ಗಂಟು ಹೊತ್ತು ಹೋದ.

ಇದನ್ನೆಲ್ಲ ಇನ್ನೊಬ್ಬರೂ ನೋಡಿದ್ದರು. ನಮ್ಮತ್ತೆಯ ತಮ್ಮ, ಸಂತೆಕಲ್ಲೂರಿನ ಅಮರಪ್ಪ. ನಮ್ಮ ಮನೆಯವರಿಗೆ ಸೋದರಮಾವ, ಹಾಗಾಗಿ ನನಗೂ ಮಾವನವರೇ. ಅವರ ಮುಂದೆಯೂ ನಾನು ಮೂಕಿ. ನಾಟಿ ಔಷಧದಲ್ಲಿ ಅವರದು ದೊಡ್ಡ ಹೆಸರು. ಕೈಗುಣ ಒಳ್ಳೆಯದು ಅನ್ನುತ್ತಿದ್ದರು. ಒಂದು ಪೈಸೆ ಮುಟ್ಟುತ್ತಿರಲಿಲ್ಲ, ಯಾರು ಕರೆದರೂ ಹೋಗುತ್ತಿದ್ದರು. ನೇಮ ಒಂದೇ: ಮದ್ದಿನ ಹೆಸರು ಹೇಳುವಂತಿಲ್ಲ. ಹೆಸರು ಬಾಯಿಂದ ಹೊರಬಿದ್ದರೆ ಬೇರು ಬರೀ ಕಟ್ಟಿಗೆಯಾಗುತ್ತದೆ, ಒಳಗೆ ಹೋದ ಮದ್ದೂ ಅಲ್ಲಿಯೇ ಸಾಯುತ್ತದೆ, ರೋಗಿಯೂ ಉಳಿಯುವುದಿಲ್ಲ ಎಂದು ಅವರಪ್ಪ ಕಿವಿಯಲ್ಲಿ ಹೇಳಿ ಹೋಗಿದ್ದರಂತೆ.

ಚೀನಾದವನ ಹೋಳೊಂದನ್ನು ಮೂಸಿ ನೋಡಿದ್ದ ಮಾವನವರಿಗೆ ಅದು ಯಾವ ಬೇರೆಂದು ಹೊಳೆದಿತ್ತು. ಗಿಡಮೂಲಿಕೆ ಮಾರುವ ಅತ್ತಾರಿ ಅಂಗಡಿಯಿಂದ ತಂದ ಅದೇ ಬೇರು ಅವರ ಚೀಲದಲ್ಲೂ ಇತ್ತು. ಅದುವರೆಗೆ ಅದನ್ನು ಎತ್ತುಗಳ ಊತಕ್ಕೆ ಹೊರಗಿನಿಂದ ಹಚ್ಚುತ್ತಿದ್ದರು, ಒಳಗೆ ಯಾರಿಗೂ ಕೊಟ್ಟಿರಲಿಲ್ಲ.

"ಆ ಚೀನಾದಾಂವ ಕುಡ್ದು ಜಿಗ್ದು ಹೋದ, ನೋಡಿದೆಲ್ಲೋ?" ಎಂದು ನಮ್ಮ ಮನೆಯವರಿಗೆ ಹೇಳಿದರು. "ಆದ್ರ ಆಂವಗ ಮದ್ದಿನ ಕಸುಬು ತಿಳೀದು. ಹಂಗ ಕುದಿಸಿದ್ರ ಸತ್ವ ಎಲ್ಲಾ ಹೊಗಿಯಾಗ ಹೋಗ್ತದ. ನಾವು ತೇದು ಕೊಡೋ ಮಂದಿ. ಕುದಿಸಾಕ ಅದೇನು ತೊಗರಿಬ್ಯಾಳಿ ಏನು?"

ಇದೇ ನೋಡಿ ನಮ್ಮ ಜಾಣತನ. ಕಲಿತದ್ದು ಅರ್ಧ, ತಿದ್ದಿದ್ದು ಪೂರ್ತಿ. ಚೀನಾದವನು ಊರಲ್ಲಿ ಇರುವಾಗಲೇ ಏಕೆ ಕುದಿಸುತ್ತೀ ಎಂದು ಒಂದು ಮಾತು ಕೇಳಬಹುದಿತ್ತು. ಕೇಳಲಿಲ್ಲ. ಮದ್ದು ಬಲ್ಲವನು ಇನ್ನೊಬ್ಬನ ಮದ್ದನ್ನು ಕೇಳಬಾರದು ಎಂಬುದು ಇನ್ನೊಂದು ನೇಮ.

ಮರುದಿನ ಬೆಳಿಗ್ಗೆ ಮಾವನವರು ಸ್ನಾನ ಮಾಡಿ, ವಿಭೂತಿ ಹಚ್ಚಿ, ಸಾಣೆಕಲ್ಲಿನ ಮೇಲೆ ಜೇನುತುಪ್ಪ ಹಾಕಿ ಬೇರನ್ನು ತೇದರು. ನನ್ನನ್ನು ಮೂಡಣಕ್ಕೆ ಮುಖ ಮಾಡಿ ಕೂರಿಸಿದರು. ಅತ್ತೆ ಸೆರಗಿನ ಮರೆಯಿಂದ ನನ್ನ ನಾಲಿಗೆಗೆ ಹಚ್ಚಿದರು. ಇನ್ನೊಂದು ಸಲಕ್ಕೆಂದು ಉಳಿದದ್ದನ್ನು ಎಲೆಯಲ್ಲಿ ಮಡಚಿ ಮಾವನವರು ಅಂಗಿಯ ಕಿಸೆಯಲ್ಲಿಟ್ಟುಕೊಂಡರು. ಅದನ್ನು ಹೊತ್ತು ಇಳಿಯುವ ಮುಂಚೆ ಕೊಡಬೇಕಿತ್ತು.

ಮೊದಲು ತುಟಿ ಜುಮುಜುಮು ಅಂದಿತು. ಆಮೇಲೆ ನಾಲಿಗೆ. ಬೆರಳ ತುದಿಯಲ್ಲಿ ಇರುವೆ ಹರಿದ ಹಾಗಾಯಿತು. ನಾಲಿಗೆ ನನ್ನದಲ್ಲ, ಯಾರೋ ಬಾಯಿಯಲ್ಲಿ ಒಂದು ತೊಗಲಿನ ತುಂಡು ಇಟ್ಟಿದ್ದಾರೆ ಅನ್ನಿಸಿತು. ಅತ್ತೆಗೆ ಕೈಸನ್ನೆ ಮಾಡಿ ತೋರಿಸಿದೆ. ಅವರು ತಮ್ಮನಿಗೆ ಹೇಳಿದರು.

"ಜುಮುಜುಮು ಅಂತದ ಅಂದ್ರ ನರಕ್ಕ ಇಳದೈತಿ ಅಕ್ಕಾ. ಚಲೋ ಆತು," ಅಂದರು ಮಾವನವರು ಸಂತೋಷದಿಂದ.

ಆಮೇಲೆ ವಾಂತಿ. ನಿಲ್ಲದ ವಾಂತಿ. ಮೈ ತಣ್ಣಗಾಯಿತು. ಎದೆ ಒಮ್ಮೆ ಓಡುತ್ತಿತ್ತು, ಒಮ್ಮೆ ನಿಂತು ಯೋಚಿಸುತ್ತಿತ್ತು. ಕಾಲು ಎತ್ತಲಾರೆ, ಕಣ್ಣು ಮಂಜು. ಆದರೆ ಬುದ್ಧಿ ಮಾತ್ರ ತಿಳಿನೀರಿನಷ್ಟು ಸ್ವಚ್ಛ. ಅದೇ ನರಕ. ಸುತ್ತ ನಿಂತವರ ಒಂದೊಂದು ಮಾತೂ ಕೇಳುತ್ತಿತ್ತು. ಗಾಳಿ ಬಡಿದಿದೆ ಅಂದರು ಒಬ್ಬರು. ದೃಷ್ಟಿ ಅಂದರು ಇನ್ನೊಬ್ಬರು. ಒಳಗಿನ ರೋಗ ಹೊರಬೀಳುತ್ತಿದೆ ಅಂದರು ಮಾವನವರು. ಮದ್ದು, ಮದ್ದು ಎಂದು ಕೂಗಬೇಕೆಂದಿದ್ದೆ, ಬಾಯಿ ಏಳಲಿಲ್ಲ. ನಾನು ಮಾತಾಡದಿರುವುದು ಯಾರಿಗೂ ವಿಶೇಷ ಅನ್ನಿಸಲೂ ಇಲ್ಲ. ಮಾವನವರ ಮುಂದೆ ನಾನು ಯಾವತ್ತು ಮಾತಾಡಿದ್ದೆ?

ಪಕ್ಕದ ಮನೆಯ ಖಾಜಾಬೀ ಬಂದು ನನ್ನ ಕಾಲು ಮುಟ್ಟಿ ನೋಡಿ ಕೂಗಿದಳು. "ಅಯ್ಯೋ ಅಲ್ಲಾ, ಪಾದ ಮಂಜಿನಂಗ ತಣ್ಣಗಾಗ್ಯಾವ! ಏನ್ ಪಂಚಾಯ್ತಿ ಮಾಡಾಕತ್ತೀರಿ? ಹೊರಸು ಎತ್ತರಿ!"

ಅವಳ ದೆಸೆಯಿಂದ ನನ್ನನ್ನು ಮಲಗಿದ್ದ ಹೊರಸಿನ ಸಮೇತ ದವಾಖಾನೆಗೆ ಹೊತ್ತರು. ಬಜಾರದ ಮಂದಿಯೆಲ್ಲ ಎದ್ದು ನಿಂತು ನೋಡಿದರು. ದಾರಿಯುದ್ದಕ್ಕೂ ಖಾಜಾಬೀ ನನ್ನ ಎರಡೂ ಪಾದಗಳನ್ನು ತನ್ನ ಅಂಗೈಯಲ್ಲಿ ಉಜ್ಜುತ್ತಾ ಬಂದಳು. ಅವಳ ಕೈಯ ಆ ಬಿಸಿಯೊಂದೇ ಆವತ್ತು ನನಗೆ ಸಿಕ್ಕ ಒಳ್ಳೆಯ ಮದ್ದು.

ತಟ್ಟಿನ ಪರದೆಯ ಹತ್ತಿರ ಹೊರಸು ಇಳಿಸಿದರು. ಕಾಂಪೌಂಡರ್ ಚೀಟಿ ಹಿಡಿದು ಬಂದು ಗಂಡನ ಹೆಸರು ಕೇಳಿದ. ಸಾಯುವಾಗಲೂ ಇದು ತಪ್ಪಲಿಲ್ಲವಲ್ಲ ಎಂದು ನನಗೆ ಎಷ್ಟು ಸಿಟ್ಟು ಬಂತೆಂದರೆ, ಆ ಸಿಟ್ಟೇ ನನ್ನನ್ನು ಸ್ವಲ್ಪ ಹೊತ್ತು ಹಿಡಿದಿಟ್ಟಿತು. ಪುಣ್ಯಕ್ಕೆ ನಮ್ಮ ಮನೆಯವರೇ ಅಲ್ಲಿದ್ದರು, ತಮ್ಮ ಹೆಸರು ತಾವೇ ಹೇಳಿಕೊಂಡರು.

ಡಾಕ್ಟರ್ ಸಾಹೇಬರು ನಾಡಿ ಹಿಡಿದರು. ಹುಬ್ಬು ಗಂಟಿಕ್ಕಿತು.

"ವಾಂತಿ ಯಾವಾಗಿಂದ? ಏನ್ ತಿಂದಾಳ?"

"ಏನಿಲ್ಲರೀ ಸಾಹೇಬ್ರ, ಬೆಳಿಗ್ಗಿ ಗಿಡಮೂಲಿಕಿ ಒಂದೀಟು ಕೊಟ್ಟಿದ್ದೆ," ಅಂದರು ಮಾವನವರು.

"ಯಾವ ಗಿಡ?"

"ಹೆಸರು ಹೇಳಬಾರದ್ರಿ."

"ಅಂದ್ರ?"

"ಹೇಳಿದ್ರ ಗುಣ ಹೋಗ್ತದ್ರಿ. ಹೊಟ್ಯಾಗ ಮದ್ದು ಸತ್ತು ಈಕಿ ಉಳಿಯಂಗಿಲ್ಲ."

ಸಾಹೇಬರ ಮುಖ ಕೆಂಪಾಯಿತು. "ಅರೇ ಭಾಯಿ, ಇದು ಹೈಜಾ ಐತೋ ಜಹರ್ ಐತೋ ನನಗ ಹ್ಯಾಂಗ ಗೊತ್ತಾಗಬೇಕು? ಹೈಜಾ ಇದ್ರ ಊರ ಹೊರಗಿನ ಶೆಡ್ಡಿಗೆ ಕಳಿಸಬೇಕು. ಜಹರ್ ಇದ್ರ ಈಗ, ಇಲ್ಲೇ, ಹೊಟ್ಟಿ ತೊಳೀಬೇಕು. ಹೇಳು!"

ಹೈಜಾ ಅಂದರೆ ಕಾಲರಾ, ಜಹರ್ ಅಂದರೆ ವಿಷ. ಪರದೆಯಾಚೆ ಕೂತವರೆಲ್ಲ ದಡಬಡ ಎದ್ದು ಓಡಿದ ಸದ್ದು ಕೇಳಿಸಿತು. ಮಾವನವರು ಅಳುತ್ತಿದ್ದರು. ನಿಜವಾಗಿ ಅಳುತ್ತಿದ್ದರು, ಗಡ್ಡದವರೆಗೆ ನೀರು ಇಳಿದಿತ್ತು. ಆದರೆ ಬಾಯಿ ಬಿಡಲಿಲ್ಲ. ನನ್ನ ಮೇಲಿನ ಪ್ರೀತಿಯಿಂದಲೇ ಬಿಡಲಿಲ್ಲ. ಅದಕ್ಕಿಂತ ದೊಡ್ಡ ಭಯವೆಂದರೆ ಅವರ ಕೈ ಕಿಸೆಗೆ ಹೋಗಿತ್ತು. "ಎರಡನೇದು ಬಿದ್ರ ವಾಂತಿ ನಿಲ್ತದ್ರಿ," ಎನ್ನುತ್ತಾ ಎಲೆಪೊಟ್ಟಣ ಬಿಚ್ಚತೊಡಗಿದರು. ನಮ್ಮ ಮನೆಯವರು ಒಮ್ಮೆ ಮಾವನನ್ನು, ಒಮ್ಮೆ ಸಾಹೇಬರನ್ನು ನೋಡುತ್ತಾ ಕಂಬದ ಹಾಗೆ ನಿಂತಿದ್ದರು. ಆ ಪೊಟ್ಟಣ ನನ್ನ ಕಣ್ಣ ಮುಂದೆಯೇ ಬಿಚ್ಚಿಕೊಳ್ಳುತ್ತಿತ್ತು, ನಾನು ಒಂದು ಬೆರಳನ್ನೂ ಎತ್ತಲಾರದೆ ಮಲಗಿದ್ದೆ.

ಆಗ ನಮ್ಮತ್ತೆ ತಮ್ಮನ ಕೈಯನ್ನು ಫಟ್ಟನೆ ಹೊಡೆದರು. ಪೊಟ್ಟಣ ನೆಲಕ್ಕೆ ಬಿತ್ತು.

"ಲೇ ಅಮರಾ, ಸಾಕು. ನನ್ನ ನಾಲಿಗಿನೂ ಮುಂಜಾನಿಂದ ಮರಗಟ್ಟೈತಿ."

ಎಲ್ಲರೂ ಅವರ ಕಡೆ ತಿರುಗಿದರು. ಅತ್ತೆ ತಲೆ ತಗ್ಗಿಸಿ, ಸಾಣೆಕಲ್ಲಿನ ಮೇಲೆ ಉಳಿದ ಜೇನುತುಪ್ಪ ಹಾಳಾಗುವುದೇಕೆಂದು ಬೆರಳಲ್ಲಿ ಸವರಿ ನೆಕ್ಕಿದ್ದೆ ಅಂದರು. ಸೊಸೆಯ ಮದ್ದಿಗೆ ಬಾಯಿ ಹಾಕಿದಳು ಎಂದು ಯಾರಾದರೂ ಆಡಿಕೊಂಡಾರೆಂಬ ನಾಚಿಕೆಗೆ ಅದುವರೆಗೆ ಸುಮ್ಮನಿದ್ದರಂತೆ. ಒಂದು ಬೆರಳು ಜೇನಿನ ನಾಚಿಕೆ! ಆದರೂ ಆ ಜೇನನ್ನು ಅವರು ನೆಕ್ಕದೆ ಬಿಟ್ಟಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ.

"ನನಗ ವಾಂತಿ ಇಲ್ಲ, ಭೇದಿ ಇಲ್ಲ, ಬರೇ ನಾಲಿಗಿ ಸತ್ತೈತಿ. ಇದು ಹೈಜಾ ಅಲ್ಲರೀ ಸಾಹೇಬ್ರ, ಇದು ಇವನ ಬೇರು," ಅಂದವರೇ ಅತ್ತೆ ಮನೆಯ ಕಡೆ ಓಡಿದರು. ಸೆರಗು ಜಾರದ ಹಾಗೆ, ಹೆಜ್ಜೆ ಸದ್ದಾಗದ ಹಾಗೆ ನಡೆಯುವ ನಮ್ಮತ್ತೆ ಆವತ್ತು ತಲೆ ಮೇಲಿನ ಸೆರಗು ಬಿದ್ದರೂ ಎತ್ತಿಕೊಳ್ಳದೆ ನಡುಬಜಾರದಲ್ಲಿ ಓಡಿದರೆಂದು ಊರು ಬಹಳ ದಿನ ಆಡಿಕೊಂಡಿತು.

ಅಷ್ಟರಲ್ಲಿ ಸಾಹೇಬರು ಕಾಯಲಿಲ್ಲ. ನನ್ನ ಮುಖದ ಹತ್ತಿರ ಬಗ್ಗಿದರು. "ಬೇಟಿ, ಮಾತಾಡಬ್ಯಾಡ. ಹೌದಂದ್ರ ಕಣ್ಣು ಮುಚ್ಚಿ ತೆರಿ. ಬಾಯಿ ಜುಮುಜುಮು ಅಂತಾ?" ಮುಚ್ಚಿ ತೆರೆದೆ. "ಕೈ ಬೆರಳೂ?" ಮುಚ್ಚಿ ತೆರೆದೆ. ಬೆಳಗಿನಿಂದ ಅಷ್ಟು ಜನ ನನ್ನ ಬಗ್ಗೆ ಮಾತಾಡಿದ್ದರು, ನನ್ನನ್ನು ಕೇಳಿದವರು ಅವರೊಬ್ಬರೇ. ಕಣ್ಣೀರು ತಾನೇ ತಾನಾಗಿ ಇಳಿಯಿತು. ರಬ್ಬರಿನ ಕೊಳವೆ ತರಲು ಅವರು ಕಾಂಪೌಂಡರನಿಗೆ ಕೂಗಿ ಹೇಳಿದರು.

ಅತ್ತೆ ಏದುಸಿರು ಬಿಡುತ್ತಾ ಬಂದು, ಉಡಿಯಿಂದ ಸಾಣೆಕಲ್ಲನ್ನೂ ಉಳಿದ ಬೇರನ್ನೂ ಮೇಜಿನ ಮೇಲೆ ಸುರಿದರು. "ನೀ ಹೆಸರು ಹೇಳಬ್ಯಾಡಪಾ. ನಾ ಅದನ್ನೇ ತಂದೀನಿ," ಎಂದು ತಮ್ಮನಿಗೆ ಹೇಳಿದರು. ಅಳಿಯ ಅಲ್ಲ, ಮಗಳ ಗಂಡ ಅನ್ನುವ ಗಾದೆಯ ಹಾಗಾಯಿತು. ಆದರೆ ಆ ಹೊತ್ತಿಗೆ ಅದಕ್ಕಿಂತ ದೊಡ್ಡ ಜಾಣತನ ಬೇರೆ ಇರಲಿಲ್ಲ.

ಸಾಹೇಬರು ಬೇರನ್ನು ಬೆಳಕಿಗೆ ಹಿಡಿದು ನೋಡಿ, "ಬಚನಾಗ್!" ಅಂದರು. ಎದೆಯನ್ನೇ ನಿಲ್ಲಿಸುವ ವಿಷದ ಬೇರು ಅದು.

ಮಾವನವರು ಎರಡೂ ಕಿವಿ ಮುಚ್ಚಿಕೊಂಡು ನೆಲಕ್ಕೆ ಕುಸಿದು ಕೂತರು.

ಆಮೇಲಿನದು ಚೆನ್ನಾಗಿ ನೆನಪಿಲ್ಲ. ಕೊಳವೆ ಗಂಟಲಲ್ಲಿ ಇಳಿದದ್ದು, ನೇರಳೆ ಬಣ್ಣದ ನೀರು, ತೋಳಿಗೆ ಸೂಜಿ, ಪಾದಕ್ಕೆ ಕಾಯಿಸಿದ ಇಟ್ಟಿಗೆ. ತಲೆ ಎತ್ತಗೊಡಲಿಲ್ಲ. ಸಾಹೇಬರು ಕುರ್ಚಿ ಎಳೆದುಕೊಂಡು ನಾಡಿಯ ಮೇಲೆ ಬೆರಳಿಟ್ಟು ಕೂತುಬಿಟ್ಟರು. ಈ ವಿಷಕ್ಕೆ ಬೇರೆ ಮದ್ದಿಲ್ಲ, ಎದೆ ತಾನೇ ದಾರಿಗೆ ಬರಬೇಕು ಎಂದು ನಮ್ಮ ಮನೆಯವರಿಗೆ ಹೇಳಿದ್ದು ಕೇಳಿಸಿತು. ಮತ್ತೆ ನಿಜ. ಈ ಸಲ ನಮ್ಮ ಮನೆಯವರು ಅವರನ್ನು ಎಂಥಾ ಡಾಕ್ಟರು ಎನ್ನಲಿಲ್ಲ, ಕೈಮುಗಿದು ನಿಂತರು. ದೀಪ ಹಚ್ಚುವ ಹೊತ್ತಿಗೆ ಬೆರಳಲ್ಲಿ ಇರುವೆಗಳು ಕಡಿಮೆಯಾದವು. ಎದೆ ತಡವರಿಸುತ್ತಾ ತಡವರಿಸುತ್ತಾ ತನ್ನ ನಡಿಗೆ ಹಿಡಿಯಿತು.

ಮಾವನವರು ಊಟಕ್ಕೂ ನಿಲ್ಲದೆ ಸಂತೆಕಲ್ಲೂರಿಗೆ ಹೋಗಿಬಿಟ್ಟಿದ್ದರು. ಊರಲ್ಲಿ ಮಾತ್ರ ಚೀನಾದವನು ವಿಷ ಹಾಕಿದ ಎಂಬ ಸುದ್ದಿ ಹಬ್ಬಿತ್ತು. ಹೇಳಿ ಹೇಳಿ ಸಾಕಾಯಿತು ನನಗೆ. ಅವನು ನಮ್ಮ ಮನೆಯ ಒಂದು ತಂಬಿಗೆ ನೀರು ಬಿಟ್ಟರೆ ಬೇರೇನೂ ಮುಟ್ಟಿರಲಿಲ್ಲ.

ಮುಂದಿನ ಸುತ್ತಿಗೆ ಅವನು ಬಂದಾಗ ನಮ್ಮ ಮನೆಯವರು ನಡೆದದ್ದನ್ನು ಹೇಳಿದರು. ಅವನು ಗಾಬರಿಯಾಗಿ ಗಂಟು ಬಿಚ್ಚಿ ಹೋಳು ತೋರಿಸಿದ. ಅವು ಅವನ ದೇಶದಲ್ಲೇ ಒಮ್ಮೆ ನೆನೆಸಿ ಬೇಯಿಸಿ ಒಣಗಿಸಿದವಂತೆ. ಅಷ್ಟಾದರೂ ಇಡೀ ಬೆಳಗು ಕುದಿಸಬೇಕು, ಒಂದು ಹನಿ ನಾಲಿಗೆಗೆ ಮುಟ್ಟಿಸಬೇಕು, ಜುಮ್ ಅಂದರೆ ಮತ್ತೆ ಒಲೆಗೆ. ಅವಸರ ಮಾಡಿ ಕುಡಿದು ಅವನ ಊರಲ್ಲೂ ಜನ ಸತ್ತಿದ್ದಾರಂತೆ, ಬಲ್ಲವರೇ ಸತ್ತಿದ್ದಾರಂತೆ. ಇದನ್ನು ಯಾಕೆ ಹೇಳಲಿಲ್ಲ ಎಂದು ಇವರು ಕೇಳಿದರು. "ಕಿಸೀನೇ ಪೂಛಾ ನಹೀಂ," ಅಂದ ಅವನು. ಯಾರೂ ಕೇಳಲಿಲ್ಲ. ಬಾಗಿಲ ಹಿಂದೆ ನಿಂತಿದ್ದ ನನಗೆ ತಲೆಯನ್ನು ಗೋಡೆಗೆ ಚಚ್ಚಿಕೊಳ್ಳಬೇಕು ಅನ್ನಿಸಿತು.

ಮೊಣಕಾಲು ಇವತ್ತಿಗೂ ನೋಯುತ್ತವೆ. ಸಾಹೇಬರು ಹೇಳಿದ ಹಾಗೆ ಪೂರಾ ಹೋಗಲಿಲ್ಲ, ಕಮ್ಮಿಯಾಯಿತು. ಮಾಡದ ಬಾಟ್ಲಿ ಕೆಳಗಿಳಿಯಿತು. ಅತ್ತೆ ರೊಟ್ಟಿ ಬಡಿಯುವ ಸದ್ದೂ ಮೆತ್ತಗಾಯಿತು. ಚಳಿಗಾಲದಲ್ಲಿ ಲಕ್ಕಿ ಸೊಪ್ಪಿನ ನೀರು ಹಾಕಿಕೊಳ್ಳುತ್ತೇನೆ, ಹಾಗಾಗಿ ನಾನು ಗಿಡಮೂಲಿಕೆಯ ಹಗೆಯಲ್ಲ. ಬಾಯಿಬಿಡದ ಗಿಡಮೂಲಿಕೆಯ ಹಗೆ. ನನ್ನ ಸೊಸೆಗೆ ಯಾರಾದರೂ ಪೊಟ್ಟಣ ತಂದರೆ ಮೊದಲು ಹೆಸರು ಕೇಳುತ್ತೇನೆ. ಹೇಳಬಾರದವ್ವಾ ಅಂದರೆ, ಹಂಗಾದ್ರ ಮೊದಲು ನೀ ತಿನ್ನು ಅನ್ನುತ್ತೇನೆ. ನನ್ನನ್ನು ಬಾಯಿಬಡಕಿ ಅನ್ನುವವರಿದ್ದಾರೆ, ಅನ್ನಲಿ.

ಮಾವನವರು ಬಹಳ ಕಾಲ ನಮ್ಮ ಮನೆ ಮೆಟ್ಟಿಲು ತುಳಿಯಲಿಲ್ಲ. ಮದ್ದು ಕೊಡುವುದನ್ನೂ ಬಿಟ್ಟಿದ್ದರಂತೆ. ಒಂದು ದಿನ ಮಧ್ಯಾಹ್ನ, ತೀರಾ ಸೋತುಹೋದ ದೇಹ ಹೊತ್ತು ಬಂದು ಪಡಸಾಲೆಯಲ್ಲಿ ಕೂತರು. ನಾನು ಎಂದಿನಂತೆ ಬಾಗಿಲ ಹಿಂದೆ ಸರಿದೆ.

"ಅಲ್ಲೇ ನಿಂದರಬ್ಯಾಡವಾ. ಮುಂದ ಬಾ. ಕೂಡು," ಅಂದರು.

ಕೂತೆ. ಅವರು ಚೀಲ ಬಿಚ್ಚಿ ಬೇರು, ತೊಗಟೆ, ಬೀಜಗಳನ್ನು ಒಂದೊಂದಾಗಿ ನೆಲದ ಮೇಲಿಟ್ಟರು. ಒಂದೊಂದರ ಹೆಸರನ್ನೂ ಹೇಳಿದರು. ಹಾಡುಹಗಲಲ್ಲಿ, ಕಿವಿಯಲ್ಲಲ್ಲ, ಬೀದಿಗೆ ಕೇಳುವ ಹಾಗೆ. ಯಾವುದು ಕೆಮ್ಮಿಗೆ, ಯಾವುದು ಹೊಟ್ಟೆಗೆ, ಯಾವುದು ಹೊರಗೆ ಮಾತ್ರ, ಯಾವುದು ಕೊಲ್ಲುತ್ತದೆ. ಒಂದೊಂದು ಹೆಸರು ಹೇಳಿದ ಮೇಲೂ ಅದು ಬರೀ ಕಟ್ಟಿಗೆಯಾಯಿತೇನೋ ಎಂದು ಮುಟ್ಟಿ ನೋಡುತ್ತಿದ್ದರು. ಕೊನೆಗೆ ಆ ಬೇರಿಗೆ ಬಂದರು.

"ಬಚನಾಗ," ಅಂದರು. ಹಾಗೆಂದು ಅದನ್ನು ಉಳಿದವುಗಳಿಂದ ದೂರ ಸರಿಸಿಟ್ಟರು. ಆಮೇಲೆ ಕೆಮ್ಮುತ್ತಿದ್ದ ನನ್ನ ಚಿಕ್ಕ ಮಗಳನ್ನು ಕರೆದು, ಆಗಷ್ಟೇ ಹೆಸರು ಹೇಳಿದ್ದ ತೊಗಟೆಯ ಕಷಾಯವನ್ನು ನನ್ನ ಕೈಯಿಂದಲೇ ಕುದಿಸಿ ಕುಡಿಸಿದರು. ಸಂಜೆಯವರೆಗೂ ಅವಳ ಪಕ್ಕ ಕದಲದೆ ಕೂತಿದ್ದರು. ಸಂಜೆಗೆ ಮಗು ಕೆಮ್ಮದೆ ನಿದ್ದೆ ಹೋಯಿತು. ಹೆಸರು ಹೇಳಿದ ಮೇಲೂ ಮದ್ದು ನಾಟಿತ್ತು.

ಮಾವನವರು ಮಲಗಿದ ಮಗುವನ್ನೇ ನೋಡುತ್ತಾ ಕೇಳಿದರು. "ಹಂಗಾರ ಅವತ್ತು ನಾ ಸುಮ್ನ ಬಾಯಿ ಮುಚ್ಚಿಕೊಂಡು ನಿಂತಿದ್ನೇನವಾ?"

"ಹೌದ್ರೀ ಮಾವ," ಅಂದೆ.

ಅವರ ಮುಂದೆ ನಾನು ಆಡಿದ ಮೊದಲ ಮಾತು ಅದು.